ಗಣಿತದ ಹೊತ್ತಿನ ಪುಸ್ತಕ

ಮಗಳು ಹೋದ ಮೇಲೆ ಮಗಳ ಪುಸ್ತಕ ಬಂತು. ಒಳಗೆ ಗುಡ್ಡದ ಜನರ ಮಾತು, ಅವರ ಕಥೆಗಳು, ಅವರು ಹಕ್ಕಿಗಳಿಗೆ ಇಟ್ಟ ಹೆಸರುಗಳು. ಗುಡ್ಡ ಬಿಟ್ಟಿಳಿದು ಪಟ್ಟಣದ ಅಂಚಿನಲ್ಲಿ ನೆಲೆಸಿದ ಆ ಜನರಲ್ಲಿ ಮೊಟ್ಟಮೊದಲು ಟೀಚರಾದವಳು ಅವಳೇ. ಕಲಿಸುತ್ತಿದ್ದದ್ದು ಲೆಕ್ಕ. ಶಾಲೆಯಲ್ಲಿ ತಮ್ಮ ಜನರ ಪಾಠವೂ ಇರಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು, ಹಟ ಹಿಡಿದು ಪುಸ್ತಕ ಬರೆದಳು. ಅದು ಅಚ್ಚಾಗುವ ಮೊದಲೇ ಜ್ವರ ಅವಳನ್ನು ಎತ್ತಿಕೊಂಡು ಹೋಯಿತು.

ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹೊದಿಕೆ ಮಡಿಸುವ ಕೆಲಸದವಳು. ಮಗಳಿಗೆ ಕೊನೆಗೆ ಹೊದಿಸಿದ್ದ ಹೊದಿಕೆಯೂ ಒಗೆದು ಒಣಗಿ ಅವಳ ಕೈಗೇ ಬಂದಿರಬೇಕು. ಯಾವುದೆಂದು ಗುರುತು ಸಿಗದೆ ಎಲ್ಲದರ ಜೊತೆಗೆ ಮಡಿಸಿಟ್ಟಳು. ದಿನವೂ ಬೆಳಿಗ್ಗೆ ದೇವರಿಗೆ ಕೈಮುಗಿದು ಒಂದನ್ನೇ ಬೇಡುತ್ತಿದ್ದಳು: ಮೊಮ್ಮಗಳು ಎಲ್ಲ ಮಕ್ಕಳ ನಡುವೆ ಕೂತು ತನ್ನ ಅಮ್ಮನ ಪುಸ್ತಕ ಓದುವಂತಾಗಲಿ.

ಹೆಡ್‌ಮೇಷ್ಟ್ರು ಗುಡ್ಡದ ಜನರನ್ನೆಲ್ಲ ಶಾಲೆಗೆ ಕರೆಸಿ ಸಭೆ ಮಾಡಿದರು. ಕೆಟ್ಟವರಲ್ಲ, ಕೈತುಂಬ ಕೆಲಸವಿದ್ದವರು.

"ನಿಮ್ಮ ಪುಸ್ತಕ ಬಂತು, ಸಂತೋಷ. ಗಣಿತದ ಪೀರಿಯಡ್ಡಲ್ಲಿ ನಿಮ್ಮ ಮಕ್ಕಳನ್ನ ಹಿಂದಿನ ಕೋಣೆಗೆ ಕಳಿಸ್ತೀವಿ, ಅಲ್ಲಿ ಈ ಪಾಠ. ಬೇರೆ ಹೊತ್ತು ಖಾಲಿ ಇಲ್ಲ. ಯಾರದಾದ್ರೂ ತಕರಾರಿದೆಯಾ?"

ಎಲ್ಲರೂ ತಲೆ ತಗ್ಗಿಸಿ ಸುಮ್ಮನೆ ಕೂತರು. ಗುಡ್ಡದವರು ಎದುರಿಗಿದ್ದವರ ಮುಖಕ್ಕೆ ಹೊಡೆದ ಹಾಗೆ 'ಬೇಡ' ಎನ್ನುವವರಲ್ಲ. ಒಪ್ಪಿಗೆಯಿದ್ದರೆ ಒಬ್ಬೊಬ್ಬರೇ ಎದ್ದು ನಿಂತು ಗಟ್ಟಿಯಾಗಿ ಹೇಳುತ್ತಾರೆ. ಇಲ್ಲದಿದ್ದರೆ ಮೌನ. ಕೇಳಿದವರು ಅದನ್ನು ಅರಿತು, ಇನ್ನೊಂದು ದಿನ ಬೇರೆ ಮಾತು ತರಬೇಕು. ಅಂದು ಒಬ್ಬರೂ ಏಳಲಿಲ್ಲ.

"ಭೇಷ್! ಎಲ್ಲರೂ ಒಪ್ಪಿದ ಹಾಗಾಯ್ತು," ಎಂದು ಹೆಡ್‌ಮೇಷ್ಟ್ರು ತಾವೇ ಚಪ್ಪಾಳೆ ತಟ್ಟಿದರು.

ಏನೋ ಉಪಚಾರದ ಮಾತೆಂದುಕೊಂಡು ಗುಡ್ಡದವರು ಮನೆಗೆ ಹೊರಟರು. ದಾರಿಯಲ್ಲಿ ಅಜ್ಜಿಯ ತಮ್ಮನಿಗೆ ಮೀಸೆಯಡಿ ನಗು.

"ಹೆಂಗಿತ್ತಕ್ಕಾ ನಮ್ಮ ಏಟು? ಒಬ್ರೂ ಏಳಲಿಲ್ಲ. ಕೆಮ್ಮು ಬಂದ್ರೂ ತಡ್ಕೊಂಡೆ ನಾನು!"

"ನನ್ನ ಮಗಳಿದ್ದಿದ್ರೆ ಎದ್ದು ನಿಂತು ಬೇಡ ಅಂತಿದ್ಲು."

"ಅವಳು ಬಾಯಿಬಡಕಿ ಬಿಡು," ಎಂದವನು, ಅಕ್ಕನ ಮುಖ ನೋಡಿ ಬೇಗ ಬೇಗ ಮುಂದೆ ನಡೆದ.

ಸೋಮವಾರ ಮೊಮ್ಮಗಳು ಚೀಲವನ್ನು ಮೂಲೆಗೆ ಎಸೆದು ಕೂತಳು.

"ಹಿಂದಿನ ಕೋಣೆ ಅಂದ್ರೆ ಮುರಿದ ಬೆಂಚು ಹಾಕೋ ಕೋಣೆ, ಅಜ್ಜಿ. ಪಾಠ ಮಾಡೋದು ಡ್ರಿಲ್ ಮೇಷ್ಟ್ರು. ಅವರಿಗೆ ನಮ್ಮ ಮಾತು ಒಂದಕ್ಷರ ಬರಲ್ಲ. ಚಿತ್ರಕ್ಕೆ ಬಣ್ಣ ಹಚ್ಚಿ ಅಂತ ಹೇಳಿ ಪೇಪರ್ ಓದ್ತಾ ಕೂತ್ರು."

"ಅಮ್ಮ ಬರೆದಿದ್ದನ್ನ ಓದಿಸಲಿಲ್ವಾ?"

"ಬಣ್ಣ ಹಚ್ಚಿದ್ವಿ. ನಾವು ಎದ್ದು ಹೋಗುವಾಗ ಉಳಿದವರೆಲ್ಲ 'ಹೋಗ್ರೋ, ಗುಡ್ಡ ಹತ್ತೋಕೆ ಹೋಗ್ರೋ' ಅಂತ ನಕ್ರು. ಅಲ್ಲಿ ಭಿನ್ನರಾಶಿ ಶುರುವಾಯ್ತು ಅಜ್ಜಿ. ನಂಗೆ ಲೆಕ್ಕ ಬೇಕು. ಅಮ್ಮನ ಹಾಗೆ ಲೆಕ್ಕದ ಟೀಚರಾಗ್ಬೇಕು ನಾನು."

ಮರುದಿನ ಅಜ್ಜಿ ಕೆಲಸಕ್ಕೆ ರಜೆ ಹಾಕಿ ಹೆಡ್‌ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತಳು.

"ಆ ಪಾಠ ಎಲ್ಲ ಮಕ್ಕಳಿಗೂ ಮಾಡಿ ಮೇಷ್ಟ್ರೇ. ಆಗಲ್ಲ ಅಂದ್ರೆ ಬೇರೆ ಹೊತ್ತಲ್ಲಾದ್ರೂ ಮಾಡಿ."

"ಅಲ್ಲ ಅಜ್ಜಿ, ಸಭೇಲಿ ಕೇಳಿದಾಗ ನೀವು ಯಾರೂ ತುಟಿಪಿಟಕ್ ಅನ್ನಲಿಲ್ಲ!"

"ಬೇಡ ಅಂತಲೇ ಸುಮ್ಮನಿದ್ವಿ. ನಮ್ಮಲ್ಲಿ ಬೇಡ ಅನ್ನೋದು ಹಾಗೇ."

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಇದು ನಂಗೆ ಹೇಗಮ್ಮ ಗೊತ್ತಾಗ್ಬೇಕು?"

"ನನ್ನ ಮಗಳು ಅದನ್ನ ಪುಸ್ತಕದಲ್ಲಿ ಬರೆದಿದ್ದಾಳೆ."

"ನಾನು ಅದನ್ನ ಓದಿಲ್ಲ ಅಜ್ಜಿ. ಅದು ನಿಮ್ಮ ಮಕ್ಕಳಿಗೆ ಅಲ್ವಾ?" ಅವರ ದನಿಯಲ್ಲಿ ಕುಹಕವಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ವೇಳಾಪಟ್ಟಿ ಮೇಲಿನವರಿಗೆ ಹೋಗಿಯಾಯ್ತು. ಇನ್ನು ಬದಲಾಯಿಸೋಕೆ ಬರಲ್ಲ. ಹುಡುಗಿಗೆ ಲೆಕ್ಕ ಬೇಕೋ ಆ ಪಾಠ ಬೇಕೋ, ಒಂದು ಹೇಳಿ."

ಸುಮ್ಮನಿದ್ದರೆ ಹಿಂದಿನ ಕೋಣೆಗೆ ಒಪ್ಪಿದ ಹಾಗಾಗುವುದೆಂದು ಈಗ ಅವಳಿಗೆ ತಿಳಿದಿತ್ತು. ಬಾಗಿಲ ಚೌಕಟ್ಟು ಹಿಡಿದು, ಹುಟ್ಟಿದಂದಿನಿಂದ ಯಾರ ಮುಖಕ್ಕೂ ಹೇಳದ ಮಾತನ್ನು ಹೇಳಿದಳು.

"ನನ್ನ ಮೊಮ್ಮಗಳಿಗೆ ಆ ಪಾಠ ಬೇಡ."

ಹುಡುಗಿ ಲೆಕ್ಕದ ತರಗತಿಗೆ ಮರಳಿದಳು. ಸುದ್ದಿ ಕೇಳಿ ಬೀದಿಯವರೂ ಒಬ್ಬೊಬ್ಬರಾಗಿ ಹೋಗಿ ತಮ್ಮ ಮಕ್ಕಳನ್ನು ಆ ಪಾಠದಿಂದ ಬಿಡಿಸಿಕೊಂಡು ಬಂದರು. ಬರೆದವಳ ತಾಯಿಯೇ ಬೇಡವೆಂದ ಮೇಲೆ ಯಾರಿಗೇನು ಸಂಕೋಚ? ಹಿಂದಿನ ಕೋಣೆ ಖಾಲಿಯಾಯಿತು. ತಪಾಸಣೆಗೆ ಬಂದ ಸಾಹೇಬರಿಗೆ ಹೆಡ್‌ಮೇಷ್ಟ್ರು ಇದ್ದದ್ದನ್ನೇ ಹೇಳಿದರು: "ಅವರಿಗೇ ಬೇಡವಂತೆ ಸಾರ್." ಸಾಹೇಬರು ತಲೆಯಾಡಿಸಿದರು. ಪುಸ್ತಕಗಳು ಗೋಣಿಚೀಲ ಸೇರಿ, ಬಂದ ಲಾರಿಯಲ್ಲೇ ಹಿಂದಕ್ಕೆ ಹೋದವು.

ಬೆಳಗಿನ ಪ್ರಾರ್ಥನೆಯನ್ನು ಅಜ್ಜಿ ಬಿಡಲಿಲ್ಲ. ಆದರೆ ಹುಡುಗಿಗೆ ಆಯಸ್ಸು ಕೊಡು ಎನ್ನುವಳು, ವಿದ್ಯೆ ಕೊಡು ಎನ್ನುವಳು, ಮಗಳ ಪುಸ್ತಕದ ಮಾತು ಬರುವಷ್ಟರಲ್ಲಿ ಎದ್ದುಬಿಡುವಳು.

ಒಂದು ಸಂಜೆ ಮೊಮ್ಮಗಳು ಭಿನ್ನರಾಶಿಯ ಲೆಕ್ಕವೆಲ್ಲ ಸರಿಯಾಯಿತೆಂದು ಕುಣಿಯುತ್ತ ಬಂದಳು. ಅಜ್ಜಿ ಅವಳ ಕೆನ್ನೆ ಸವರಿ ದೃಷ್ಟಿ ತೆಗೆದಳು. ಸ್ವಲ್ಪ ಹೊತ್ತು ಬಿಟ್ಟು ಹುಡುಗಿ ಕೇಳಿದಳು:

"ಅಜ್ಜಿ, ಅಮ್ಮನ ಪುಸ್ತಕಾನೆಲ್ಲ ವಾಪಸ್ ಕಳಿಸಿಬಿಟ್ರಂತೆ. ಬೇಡ ಅಂದಿದ್ದು ಯಾರು?"

"ನಾನೇ ಮಗಾ," ಎಂದಳು ಅಜ್ಜಿ.