ಯಮನೂರಪ್ಪ ಹೊತ್ತ ಸ್ಟ್ರೆಚರ್

ಎರಡು ಉದ್ದದ ಮರದ ಕೋಲು, ನಡುವೆ ಬಿಗಿದ ದಪ್ಪ ಕ್ಯಾನ್ವಾಸ್ ಬಟ್ಟೆ, ಕೆಳಗೆ ನಾಲ್ಕು ಕಬ್ಬಿಣದ ಕಾಲು. ಇಷ್ಟೇ ನಾನು. ಉತ್ತರದ ಕಡೆಯ ಒಂದು ಕಾರ್ಖಾನೆಯಲ್ಲಿ ಸೈನ್ಯಕ್ಕೆಂದು ಹುಟ್ಟಿದೆ. ನನ್ನನ್ನು ಹೊಲಿದ ಹೆಂಗಸು ಅಂಚಿಗೆ ಮೂರು ಸಾಲು ಹೊಲಿಗೆ ಹಾಕಿ, ಜಗ್ಗಿ ನೋಡಿ, ಸಾಲದೆಂದು ಇನ್ನೊಂದು ಸಾಲು ಹಾಕಿದಳು. ನಾನಾಗಿ ನಾನು ಎಲ್ಲಿಗೂ ಹೋಗಲಾರೆ. ಮುಂದೊಬ್ಬ, ಹಿಂದೊಬ್ಬ ನಿಂತು ಎತ್ತಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ನನ್ನ ಹಿಂದಿನ ಹಿಡಿ ಹಿಡಿದವನು ಯಮನೂರಪ್ಪ.

ಬಯಲುಸೀಮೆಯ ಕರಿಮಣ್ಣಿನ ಊರಿನಿಂದ ಬಂದ ಸಿಪಾಯಿ. ಹಿಮ ಕಂಡವನಲ್ಲ. ಗಡಿಯ ಗುಡ್ಡವೊಂದರಲ್ಲಿ ಶೆಲ್ ಬಿದ್ದು ಕ್ಯಾಪ್ಟನ್ ಸಾಹೇಬರ ತೊಡೆ ಸೀಳಿದ ದಿನ, ಅವನೂ ಬಲವಂತನೆಂಬ ಗುಡ್ಡಗಾಡಿನ ಸಿಪಾಯಿಯೂ ನನ್ನನ್ನು ಹೊತ್ತು ಆರು ತಾಸು ಇಳಿದರು. ದಾರಿಯಲ್ಲಿ ಸಾಹೇಬರು ನೀರು ಕೇಳಿದರು. ಯಮನೂರಪ್ಪನ ಬಾಟಲಿಗೇ ಬಾಯಿಟ್ಟು ಕುಡಿದರು. ಅವನು ಯಾರ ಮಗ, ಯಾವ ಕೇರಿಯವನು ಎಂದು ಯಾರೂ ಕೇಳಲಿಲ್ಲ. ಸಾಹೇಬರು ಬದುಕಿದರು. ಯಮನೂರಪ್ಪನ ಎದೆಗೆ ಸೇವಾ ಪದಕ ಬಂತು.

ಅವನು ನಿವೃತ್ತನಾಗುವ ಹೊತ್ತಿಗೆ ನಾನೂ ಹಳತಾಗಿದ್ದೆ. ಬೇಡದ ಸಾಮಾನಿನ ಹರಾಜಿನಲ್ಲಿ ನನ್ನನ್ನು ಕೊಂಡು, ರೈಲಿನಲ್ಲಿ ಹಾಕಿಕೊಂಡು ಊರಿಗೆ ತಂದ. ಹೆಂಡತಿ ಶೇಷವ್ವ ಹಣೆ ಚಚ್ಚಿಕೊಂಡಳು. "ಎಲ್ಲಾರೂ ಟ್ರಂಕು ತರ್ತಾರ, ನೀ ಇದನ್ನ ತಂದಿಯಲ್ಲೋ!"

ಊರ ಪಕ್ಕದ ಗುಡ್ಡದ ಮೇಲೆ ಮಲ್ಲಯ್ಯನ ಗುಡಿ. ಮುನ್ನೂರ ನಲವತ್ತು ಮೆಟ್ಟಿಲು. ಹತ್ತಲಾಗದ ಮುದುಕರನ್ನು ಯಮನೂರಪ್ಪ ತನ್ನ ತಮ್ಮನೊಡನೆ ನನ್ನ ಮೇಲೆ ಹೊತ್ತೊಯ್ಯತೊಡಗಿದ. ಗುಡಿಯ ಹಿರಿಯರಾದ ಗುರುಪಾದಯ್ಯನವರು ಮೊದಲ ದಿನವೇ ಹೇಳಿದ್ದರು: "ಇದು ದೇವರ ಸೇವಾ, ಯಮನೂರಪ್ಪ. ಪುಣ್ಯೇದ ಕೆಲಸ. ಹೊರಗಿನ ಕಟ್ಟೀತನಕ ತಂದು ಇಳಸು. ಮುಂದ ನಮ್ಮ ಹುಡುಗ್ರು ಒಯ್ತಾರ."

ಏಳು ವರ್ಷ ಅವನು ಆ ಕಟ್ಟೆ ದಾಟಲಿಲ್ಲ. ಒಂದು ಶ್ರಾವಣದಲ್ಲಿ ಗುರುಪಾದಯ್ಯನವರ ತಾಯಿಯನ್ನೇ ಹೊತ್ತು ತಂದ. ಇಳಿಸುವಾಗ ಆ ಮುದುಕಿ ಅವನ ಕೈ ಬಿಡಲಿಲ್ಲ.

"ಇಷ್ಟು ಮ್ಯಾಲ ತಂದಾಂವ ನೀ. ಒಳಗೂ ನೀನ ಒಯ್ಯೋ ಮಗನ."

"ಅವ್ವಾ, ಸುಮ್ಕಿರು," ಎಂದರು ಗುರುಪಾದಯ್ಯನವರು.

ಯಮನೂರಪ್ಪ ಮೆಲ್ಲಗೆ ಮುದುಕಿಯ ಬೆರಳು ಬಿಡಿಸಿದ. ಮರುವರ್ಷ ಗುಡ್ಡಕ್ಕೆ ಟಾರು ರಸ್ತೆಯಾಯಿತು. ಕಾರುಗಳು ಕಟ್ಟೆಯವರೆಗೆ ಹೋದವು. ನಾಳೆಯಿಂದ ಬರಬೇಡ ಎಂದು ಹೇಳಿಕಳಿಸುವ ಗೋಜಿಗೂ ಯಾರೂ ಹೋಗಲಿಲ್ಲ.

ಆಮೇಲೆ ಪುರಸಭೆ. ಶೇಷವ್ವ ಅಲ್ಲಿ ಕಸ ಗುಡಿಸುತ್ತಿದ್ದಳು. ಹೆಲ್ತ್ ಇನ್ಸ್‌ಪೆಕ್ಟರ್ ಚನಗೌಡರು ಯಮನೂರಪ್ಪನನ್ನು ಕರೆಸಿ, "ಮಿಲಿಟ್ರಿಯವರು ನೀವು. ಜನಸೇವಾ ಅಂದ್ರ ಏನಂತ ನಿಮಗ ನಾ ಹೇಳಬೇಕೇನು?" ಎಂದರು. ಕೆಲಸ ಮಾತ್ರ ವಾರಸುದಾರರಿಲ್ಲದ ಹೆಣ ಹೊರುವುದು. ನನ್ನ ಕೋಲಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದರು. ನಾನು ಸರಕಾರಿ ಸಾಮಾನಾದೆ.

ಬಸ್ ನಿಲ್ದಾಣದ ಕಟ್ಟೆಯಿಂದ, ರೈಲು ಹಳಿಯಿಂದ, ಕೆರೆಯ ಕೆಸರಿನಿಂದ ಅವನು ಎತ್ತಿದವರಿಗೆ ಲೆಕ್ಕವಿಲ್ಲ. ಪ್ರತಿ ಸಲವೂ ತಲೆಯ ಕೆಳಗೆ ಒಂದು ಮಡಿಸಿದ ಟವೆಲ್ ಇಡುತ್ತಿದ್ದ. "ಸತ್ತಾವ್ಗ ಏನ್ ತಿಳೀತೈತೋ?" ಎಂದು ಜೊತೆಯವನು ನಕ್ಕರೆ, "ನನಗ ತಿಳೀತೈತಲ್ಲ," ಎನ್ನುತ್ತಿದ್ದ. ಸಂಜೆ ಫಿನಾಯಿಲ್ ಹಾಕಿ ನನ್ನನ್ನು ಉಜ್ಜುತ್ತಿದ್ದ. ಒಂಬತ್ತು ವರ್ಷವಾದರೂ ಕೆಲಸ ಕಾಯಂ ಆಗಲಿಲ್ಲ. ಚಹಾದಂಗಡಿಯಲ್ಲಿ ಅವನು ಬಂದು ಕುಳಿತರೆ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು.

ಆ ವರ್ಷದ ಗಣರಾಜ್ಯೋತ್ಸವಕ್ಕೆ ಅವನಿಗೆ ಶಾಲು ಹೊದಿಸುವುದೆಂದು ತೀರ್ಮಾನವಾಯಿತು. ಪದಕ ಹಚ್ಚಿಕೊಂಡು ಪುರಸಭೆಯ ಅಂಗಳದಲ್ಲಿ ಸಾಲಿನಲ್ಲಿ ನಿಂತ. ಅತಿಥಿಗಳು ಬರುವುದು ತಡವಾಯಿತು. ಬಿಸಿಲೇರಿತು. ಯಮನೂರಪ್ಪ ಎದೆ ಹಿಡಿದುಕೊಂಡು ಕುಸಿದ.

ದವಾಖಾನೆ ರಸ್ತೆಯ ಆಚೆಗೇ ಇತ್ತು. ನಾನು ಹತ್ತು ಹೆಜ್ಜೆಯಾಚೆ ಗೋಡೆಗೆ ಒರಗಿದ್ದೆ.

"ಸ್ಟ್ರೆಚರ್ ತರ್ರೋ!" ಶೇಷವ್ವ ಕೂಗಿದಳು.

ಯಾರೂ ಕದಲಲಿಲ್ಲ. "ಅದು ಹೆಣಾ ಹೊರೂದು. ಜೀವಂತ ಮನಷ್ಯಾನ್ನ ಅದರಾಗ ಹಾಕ್ತಾರೇನು?" ಎಂದರೊಬ್ಬರು. "ಗಾಡಿ ಬರ್ತೈತಿ, ತಡಿಯವ್ವ," ಎಂದರಿನ್ನೊಬ್ಬರು.

ಅವಳೇ ಓಡಿಬಂದು ನನ್ನನ್ನು ಎಳೆದೊಯ್ದು ಅವನ ಪಕ್ಕದಲ್ಲಿ ಹಾಸಿದಳು. ತೋಳಿನ ಕೆಳಗೆ ಕೈ ಕೊಟ್ಟು ಅವನನ್ನು ನನ್ನ ಮೇಲೆ ಸರಿಸಿದಳು. ಹಿಂದಿನ ಹಿಡಿ ಎತ್ತಿದಳು. ಮುಂದಿನದು ನೆಲದಲ್ಲೇ ಉಳಿಯಿತು. "ಒಬ್ರರ ಬರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಬ್ರರ..." ಚನಗೌಡರು ಫೋನು ಕಿವಿಗೆ ಹಿಡಿದು ಬೇರೆ ಕಡೆ ತಿರುಗಿದರು. ನನಗೆ ಅವನ ಬೆನ್ನಿನ ಉಸಿರಾಟ ತಿಳಿಯುತ್ತಿತ್ತು. ಅದು ಸಣ್ಣಗಾಯಿತು. ಆಮೇಲೆ ತಿಳಿಯಲಿಲ್ಲ.

ಯಾರೋ ಬಗ್ಗಿ ಮೂಗಿನ ಹತ್ತಿರ ಬೆರಳಿಟ್ಟು ತಲೆಯಾಡಿಸಿದರು. ಆಗ ನಾಲ್ಕು ಜನ ಮುಂದೆ ಬಂದು ನನ್ನ ನಾಲ್ಕೂ ಹಿಡಿಗಳನ್ನು ಹಿಡಿದು ಎತ್ತಿದರು. ಮೈಕಿನಲ್ಲಿ, ಸೇವೆಯಲ್ಲೇ ಪ್ರಾಣ ಬಿಟ್ಟರು ಎಂದು ಹೇಳಿದ್ದು ಕೇಳಿಸಿತು.

ಪುರಸಭೆಗೆ ಈಗ ಹೆಣ ಒಯ್ಯುವ ಹೊಸ ಗಾಡಿ ಬಂದಿದೆ. ನಾನು ತಗಡಿನ ಶೆಡ್ಡಿನಲ್ಲಿ, ಮುರಿದ ಕುರ್ಚಿಗಳ ಕೆಳಗೆ ಬಿದ್ದಿದ್ದೇನೆ. ಬಟ್ಟೆಗೆ ಗೆದ್ದಲು ಹತ್ತಿದೆ. ಗಡಿಯಲ್ಲಿ, ಗುಡಿಯಲ್ಲಿ, ಇಲ್ಲಿ, ಎಲ್ಲ ಕಡೆಯೂ ಸೇವೆ ಎಂಬ ಅದೇ ಒಂದು ಮಾತು ಕೇಳಿದೆ. ಅದನ್ನು ಆಡಿದವರು ಹೊರುವವರಾಗಿರಲಿಲ್ಲ. ಆ ಮಾತಿನ ಅರ್ಥ ನನಗೆ ಇನ್ನೂ ತಿಳಿದಿಲ್ಲ, ತಿಳಿಯಬೇಕೆಂಬ ಆಸೆಯೂ ಹೋಗಿದೆ. ಶೇಷವ್ವ ದಿನಾ ಬೆಳಿಗ್ಗೆ ಅಂಗಳ ಗುಡಿಸುತ್ತ ಶೆಡ್ಡಿನ ಬಾಗಿಲವರೆಗೆ ಬರುತ್ತಾಳೆ. ಒಳಗೆ ನೋಡುವುದಿಲ್ಲ. ಅಲ್ಲಿಂದಲೇ ಕಸ ತಿರುಗಿಸಿಕೊಂಡು ಹೋಗುತ್ತಾಳೆ.