ಜಗಲಿಯ ತುದಿಯಲ್ಲಿ ಇಟ್ಟದ್ದು

"ತೆಗಿಯಾ ಕಾಲು! ಬೇವರ್ಸಿ, ತೆಗಿ ಅಂದ್ರೆ ತೆಗಿ! ಮೂವತ್ತೆಂಟು ರೂಪಾಯಿಯ ಬೂಟು ಅದು. ನಿನ್ನ ಅಪ್ಪ ತಂದದ್ದಾ?"

ಕಾಲೇಜಿನ ಗುಮಾಸ್ತ ಲೋಕಯ್ಯ ಕೂಗುವಷ್ಟರಲ್ಲಿ ಭೋಜ ಒಂದು ಪಾದವನ್ನು ಮೊಳೆಬೂಟಿನೊಳಗೆ ತುರುಕಿಯಾಗಿತ್ತು. ಬಗ್ಗಿ ಬಿಚ್ಚಿದ. ವೇಣೂರಿನ ದಾರಿಯ ಆ ಚಿಕ್ಕ ಜೂನಿಯರ್ ಕಾಲೇಜಿನಲ್ಲಿ ಇದ್ದದ್ದು ಅದೊಂದೇ ಜೊತೆ. ಓಡುವ ಹುಡುಗರೆಲ್ಲ ಸರದಿಯಂತೆ ಅದನ್ನೇ ಹಾಕಿಕೊಳ್ಳುತ್ತಿದ್ದರು.

"ಇನ್ನು ಇದಕ್ಕೆ ಬೇರೆ ಯಾರು ಕಾಲು ಹಾಕ್ತಾರೆ ಮಾರಾಯ? ಕ್ರೀಡಾ ನಿಧಿ ಹೊಳೆಗೆ ಹೋಯ್ತು," ಎಂದ ಲೋಕಯ್ಯ.

"ಚರ್ಮದ್ದಲ್ವಾ ಸಾರ್?" ಎಂದ ಭೋಜ. "ಅದನ್ನು ಸುಲಿದವ ಯಾವ ಜಾತಿ ಅಂತ ಅಂಗಡಿಯಲ್ಲಿ ಕೇಳಿದ್ರಾ?"

ಡ್ರಿಲ್ ಮಾಸ್ತರು ರುಕ್ಮಯ್ಯ ನಗೆಯನ್ನು ಕೆಮ್ಮಾಗಿ ತಿರುಗಿಸಿದರು. "ಬರಿಗಾಲಲ್ಲೇ ಓಡು ಭೋಜ. ನಿನಗೆ ಅದೇ ಅಭ್ಯಾಸ," ಎಂದವರು ಅವನ ಮುಖ ನೋಡಲಿಲ್ಲ.

ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ಐದು ರೂಪಾಯಿ ಕ್ರೀಡಾ ಶುಲ್ಕ ತೆರಬೇಕಿತ್ತು. ಆ ವರ್ಷ ಸಂಗ್ರಹವಾದ ಹಣದಲ್ಲಿ ಬೂಟಿನ ಬೆಲೆ ಕಳೆದು ಉಳಿದದ್ದೆಲ್ಲ ಮೈದಾನದ ಅಂಚಿನ ಕಲ್ಲಿನ ವೇದಿಕೆಗೆ ಹೋಯಿತು. ವೇದಿಕೆಯ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರಾದ ಪದ್ಮಯ್ಯನವರ ಹೆಸರನ್ನು ಕೆತ್ತಿಸಲಾಗಿತ್ತು. ಭೋಜನ ಐದು ರೂಪಾಯಿಯನ್ನೂ ಮಂಗಳೂರಿನ ಬಸ್ ಚಾರ್ಜನ್ನೂ ಆ ಪದ್ಮಯ್ಯನವರೇ ಕಾಲೇಜಿನ ಸಭೆಯಲ್ಲಿ ಎದ್ದು ನಿಂತು ಕೊಟ್ಟರು. "ಇವನ ಅಪ್ಪ ಮುಂಡಪ್ಪ ಇಪ್ಪತ್ತು ವರ್ಷದಿಂದ ನಮ್ಮ ಕೋಣ ಓಡಿಸ್ತಾನೆ. ಮಗನೂ ನಮ್ಮ ಹೆಸರಿಗೇ ಓಡಲಿ," ಎಂದರು. ಸಭೆ ಚಪ್ಪಾಳೆ ತಟ್ಟಿತು.

ಅರವತ್ತಾರರ ಡಿಸೆಂಬರಿನಲ್ಲಿ, ಮಂಗಳೂರಿನ ಅಂತರ ಕಾಲೇಜು ಕ್ರೀಡಾಕೂಟದ ನಾಲ್ಕುನೂರು ಮೀಟರ್ ಓಟದಲ್ಲಿ, ಭೋಜ ಬರಿಗಾಲಲ್ಲಿ ಓಡಿ ಮೊದಲಿಗನಾದ.

ಸಂಜೆಯ ಬಸ್ಸಿಳಿದು ಗುಡಿಸಲಿಗೆ ಬಂದಾಗ ಅವನ ಅಂಗಾಲು ಒಡೆದಿತ್ತು. ತಾಯಿ ಸೇಸಮ್ಮ ಬಿಸಿ ಎಣ್ಣೆ ಹಚ್ಚುತ್ತ, ಮಡಿಲಿನಲ್ಲಿದ್ದ ಬಹುಮಾನದ ಕಪ್ಪನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು.

"ಅಮ್ಮಾ, ಕಪ್ಪು ಇರಲಿ. ಈ ಕಾಗದ ಜೋಪಾನ. ಮುಂದಿನ ಸೋಮವಾರ ಪೊಲೀಸಿಗೆ ಆಳು ತೆಗೀತಾರೆ. ನಾನು ಒಂದು ಇಂಚು ಗಿಡ್ಡ. ಗೆದ್ದ ಕಾಗದ ತೋರಿಸಿದ್ರೆ ಆ ಒಂದು ಇಂಚು ಬಿಡ್ತಾರಂತೆ. ರುಕ್ಮಯ್ಯ ಮಾಸ್ತರು ವಿಚಾರಿಸಿದ್ದಾರೆ."

ಹೇಳುತ್ತಲೇ ನಿದ್ದೆಹೋದ. ಮುಂಡಪ್ಪ ಆಗಿನ್ನೂ ಧಣಿಗಳ ಕೋಣಗಳಿಗೆ ಹುರುಳಿ ಬೇಯಿಸುತ್ತಿದ್ದ.

ಬೆಳಗ್ಗೆ ಸೇಸಮ್ಮ ನೀರಿಗೆ ಹೋದಾಗ ಮುಂಡಪ್ಪ ಕಪ್ಪನ್ನು ಕಂಡ. ಅವನಿಗೆ ಅಕ್ಷರ ಬಾರದು. ಆದರೆ ಗೆದ್ದ ವಸ್ತು ಎಲ್ಲಿಗೆ ಸೇರಬೇಕೆಂಬುದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿ ಕಂಬಳದ ಸಂಜೆಯೂ ಕೆಸರು ಮೆತ್ತಿದ ತನ್ನ ಕೈಯಿಂದಲೇ ಪದಕವನ್ನು ಧಣಿಗಳ ಜಗಲಿಯ ತುದಿಯಲ್ಲಿಟ್ಟು, ಹೆಗಲಿಗೆ ಹಾಕುವ ಒಂದು ಬೈರಾಸು, ಒಂದು ಎಳನೀರು ಪಡೆದು ಮರಳಿದವನು ಅವನು. ಈ ಬಾರಿ ಮಗ ಗೆದ್ದಿದ್ದಾನೆ. ಆ ಸಂತೋಷದಲ್ಲಿ ಮಗನನ್ನು ಎಬ್ಬಿಸದೆ, ಕಪ್ಪನ್ನೂ ಕಾಗದವನ್ನೂ ಒಗೆದ ಬಟ್ಟೆಯಲ್ಲಿ ಕಟ್ಟಿಕೊಂಡು, ಮೂರು ಮೈಲಿ ಬಿರುಸಾಗಿ ನಡೆದ.

ಅಂಗಳದಲ್ಲಿ ನಿಂತು, ಬಾಗಿ, ಎರಡೂ ಕೈಯಿಂದ ಗಂಟನ್ನು ಜಗಲಿಯ ತುದಿಯಲ್ಲಿಟ್ಟ.

"ನೋಡಿ, ನಿಯತ್ತು ಅಂದ್ರೆ ಇದು!" ಪದ್ಮಯ್ಯನವರು ಜಗಲಿಯಲ್ಲಿ ಕುಳಿತ ನೆಂಟರ ಕಡೆ ತಿರುಗಿದರು. "ಕೇಳಿದೆನಾ ನಾನು?"

ಆಳು ಬಂದು ಕಪ್ಪಿಗೆ ಹುಣಸೆಹಣ್ಣು ಉಜ್ಜಿ, ಮೂರು ಸಲ ನೀರು ಹೊಯ್ದು ಒಳಗೆ ಒಯ್ದ. ಕಾಗದವನ್ನು ತೊಳೆದರೆ ಶಾಯಿ ಹೋಗುತ್ತದೆಂದು, ಮೈಲಿಗೆ ಕಳೆಯಲು ಬಿಸಿಲಿಗಿಟ್ಟರು.

ಮುಂಡಪ್ಪ ಮನೆಗೆ ಬಂದು, ಧಣಿಗಳು ಕೊಟ್ಟ ಕೆಂಪಂಚಿನ ಬೈರಾಸನ್ನು ಮಲಗಿದ್ದ ಮಗನ ಹೆಗಲಿಗೆ ಹೊದಿಸಿದ. ಭೋಜ ಕಣ್ಣು ಬಿಟ್ಟ. ಬೈರಾಸನ್ನು ನೋಡಿದ. ಗೂಟದಲ್ಲಿ, ಕಪ್ಪನ್ನೂ ಕಾಗದವನ್ನೂ ಇಟ್ಟಿದ್ದ ಚೀಲ ಬರಿದಾಗಿ ನೇತಾಡುತ್ತಿತ್ತು.

"ಅಪ್ಪಾ, ಕಾಗದ ಎಲ್ಲಿ?"

"ಧಣಿಗಳಲ್ಲಿ ಕೊಟ್ಟು ಬಂದೆ ಮಗಾ. ಅವರು ಹಣ ಹಾಕಿದ್ದಲ್ವಾ? ಎಷ್ಟು ಕುಸಿ ಆಯ್ತು ಗೊತ್ತುಂಟಾ ಅವರಿಗೆ!"

ಭೋಜ ಎದ್ದು ಕುಳಿತ. ಬೈರಾಸನ್ನು ಮಡಚಿ ಅಪ್ಪನ ಕೈಗಿಟ್ಟ.

"ನಾನೇನು ಕೋಣನಾ ಅಪ್ಪಾ?"

ಕಾಗದದಲ್ಲಿ ಏನಿತ್ತೆಂದು ಮುಂಡಪ್ಪನಿಗೆ ಸೇಸಮ್ಮ ಹೇಳಿದಳು. ಅವನು ಬಂದ ದಾರಿಯಲ್ಲೇ ಮತ್ತೆ ಓಡಿದ.

"ಧಣಿಗಳೇ, ನಾನು ಹೆಡ್ಡ. ಕಪ್ಪು ಇಲ್ಲೇ ಇರಲಿ. ಕಾಗದ ಒಂದು ಕೊಡಿ."

"ಇಟ್ಟದ್ದು ಯಾರು?"

"ನಾನೇ."

"ಇಟ್ಟದ್ದನ್ನು ಎತ್ತಿಕೊಂಡು ಹೋಗ್ಲಿಕ್ಕೆ ಇದೇನು ಗೇರುಹಣ್ಣಿನ ಗುಡ್ಡವಾ, ನಾಯಿಗೆ ಹುಟ್ಟಿದವನೆ? ಕಾಗದಕ್ಕೆ ಗಾಜಿನ ಕಟ್ಟು ಹಾಕಿಸ್ಲಿಕ್ಕೆ ಮೂಡಬಿದ್ರೆಗೆ ಕಳಿಸಿ ಆಯ್ತು."

"ಹುಡುಗನಿಗೆ ಪೊಲೀಸಲ್ಲಿ ಕೆಲಸ..."

"ಓಹೋ! ಅವ ಟೊಪ್ಪಿ ಹಾಕಿ ಬಂದು ಇದೇ ಜಗಲಿಯಲ್ಲಿ ಕುರ್ಚಿ ಕೇಳ್ಬೇಕಾ? ನಾನು ಎದ್ದು ಸಲಾಂ ಹೊಡೀಬೇಕಾ? ನಡಿ. ಕೋಣ ಹಸಿದಿದೆ."

ಭೋಜ ಗೆದ್ದದ್ದು ನಿಜವೆಂದು ಕಾಲೇಜಿನಿಂದಲೇ ಒಂದು ಪತ್ರ ಕೊಡಿ ಎಂದು ರುಕ್ಮಯ್ಯ ಮಾಸ್ತರು ಕೇಳಿದರು. ಅಧ್ಯಕ್ಷರ ಸಹಿ ಇಲ್ಲದೆ ಬರೆದುಕೊಡಲಾಗದೆಂದು ಪ್ರಿನ್ಸಿಪಾಲರು ಹೇಳಿದರು. ಮಾಸ್ತರಿಗೂ ಹೆಂಡತಿ ಮಕ್ಕಳಿದ್ದರು. ಎರಡನೆಯ ಸಲ ಕೇಳಲಿಲ್ಲ.

ಸೋಮವಾರ ಭೋಜನನ್ನು ಅಳತೆಯ ಕೋಲಿಗೆ ಒರಗಿಸಿ ನಿಲ್ಲಿಸಿದರು. ಒಂದು ಇಂಚು ಕಡಿಮೆ. ಪತ್ರ ಕೇಳಿದರು. ಸಾಲಿನಿಂದ ಹೊರಗೆ ಕಳಿಸಿದರು.

ಅವನು ಮನೆಗೆ ಬರಲಿಲ್ಲ. ಹದಿನೈದು ದಿನಗಳ ಮೇಲೆ ಪಾಣೆಮಂಗಳೂರಿನ ಲಾರಿ ಕ್ಲೀನರ್ ಅಬ್ಬಾಸ್ ಸುದ್ದಿ ತಂದ. "ನಿಮ್ಮ ಹುಡುಗ ಘಟ್ಟದಲ್ಲಿ ಕಾಫಿ ಮೂಟೆ ಹೊರ್ತಾನೆ ಮುಂಡಪ್ಪಣ್ಣ. ಕಾಲು ಬಾತಿದೆ."

"ನನ್ನನ್ನು ಕೇಳಿದನಾ?"

ಅಬ್ಬಾಸ್ ಲಾರಿಯ ಚಕ್ರದ ಗಾಳಿ ನೋಡಲು ಬಗ್ಗಿದ. "ಅಮ್ಮನನ್ನು ಕೇಳಿದ," ಎಂದ.

ಜನವರಿಯ ಕಂಬಳ. ಪದ್ಮಯ್ಯನವರ ಕೋಣಗಳು ಕೊನೆಯ ಸುತ್ತಿಗೆ ಬಂದಿದ್ದವು. ಗದ್ದೆಯ ಬದುವಿನ ಮೇಲೆ, ಕೊಡೆಯ ನೆರಳಿನಲ್ಲಿ, ಧಣಿಗಳು ಕುರ್ಚಿ ಹಾಕಿಸಿ ಕುಳಿತಿದ್ದರು. ಗೆದ್ದರೆ ಬಹುಮಾನ ಯಾರಿಗೆ ಸಲ್ಲುವುದೆಂದು ಮೈಕಿನಲ್ಲಿ ಆಗಲೇ ಕೂಗುತ್ತಿದ್ದರು: ಪದ್ಮಯ್ಯನವರ ಹೆಸರು, ಮನೆತನದ ಹೆಸರು, ಬಲಗಡೆಯ ಕೋಣದ ಹೆಸರು, ಎಡಗಡೆಯ ಕೋಣದ ಹೆಸರು. ಅಷ್ಟಕ್ಕೆ ಮುಗಿಯಿತು.

ಮುಂಡಪ್ಪ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಅದನ್ನು ಪೂರ್ತಿ ಕೇಳಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಿವಿಗೊಟ್ಟು ಕೇಳಿದ. ಬಳಿಕ ಹಗ್ಗ ಬಿಟ್ಟ.

"ಏಯ್ ಮುಂಡಪ್ಪ! ಹಿಡಿಯಾ! ಮಂಡೆ ಸಮ ಉಂಟಾ ನಿನಗೆ?" ಬದುವಿನಿಂದ ಯಾರೋ ಕೂಗಿದರು.

ಕೋಣಗಳು ಓಡಿಸುವವನಿಲ್ಲದೆ ಕೆಸರು ಚಿಮ್ಮುತ್ತ ಓಡಿಹೋದವು. ಮುಂಡಪ್ಪ ನಿಧಾನವಾಗಿ ಬದುವಿನ ಬಳಿ ಬಂದ. ಬಾಗಿ, ಎರಡೂ ಕೈಯಿಂದ, ಬೆತ್ತವನ್ನು ಧಣಿಗಳ ಪಾದದ ಮುಂದೆ ಇಟ್ಟ. ಸೊಂಟದಿಂದ ಕೆಂಪಂಚಿನ ಬೈರಾಸನ್ನು ಬಿಚ್ಚಿ ಅದರ ಮೇಲಿಟ್ಟ.

"ಇಳಿಯಿರಿ ಧಣಿಗಳೇ. ಗೆಲ್ಲುವವರು ನೀವಲ್ವಾ? ಓಡಿ."

ಡೋಲು ನಿಂತಿತು. ಧಣಿಗಳು ಕುರ್ಚಿಯಿಂದ ಏಳಲಿಲ್ಲ. ಗಲ್ಲ ಎತ್ತಿ ಸನ್ನೆ ಮಾಡಿದರು, ಅಷ್ಟೇ. ಗದ್ದೆಯ ಕೊನೆಯಲ್ಲಿ ನಿಂತಿದ್ದ ನಾಲ್ವರು ಆಳುಗಳು ಪಂಚೆ ಎತ್ತಿಕಟ್ಟಿ ಕೆಸರಿಗೆ ಇಳಿದರು. ಅವರು ಹತ್ತಿರ ಬರಲು ಹೊತ್ತು ಹಿಡಿಯುವಂತಿತ್ತು. ಆ ಗದ್ದೆಯಲ್ಲಿ ಅವನಷ್ಟು ವೇಗವಾಗಿ ಕಾಲು ಕೀಳಬಲ್ಲವರು ಊರಿನಲ್ಲೇ ಇರಲಿಲ್ಲ. ಆಚೆಯ ಬದು ತೆರೆದೇ ಇತ್ತು.

ಮುಂಡಪ್ಪ ಓಡಲಿಲ್ಲ.