ಸುಬ್ರಾಯ ಎಂಬ ಸಂಘ

‘ಐರ್ಲೆಂಡಿನ ಸಮಸ್ತ ಕನ್ನಡಿಗರ ಗಮನಕ್ಕೆ: ಟಾಲಾ ವಿನಾಯಕ ಸಂಘದ ಪೂಜಾ ಮಣೆಯನ್ನು ಹಿತ್ತಲ ಷೆಡ್ಡಿನ ಎಡಮೂಲೆಯಿಂದ ಬಲಮೂಲೆಗೆ ಸರಿಸಲು ಸಂಘವು ಸರ್ವಾನುಮತದಿಂದ ತೀರ್ಮಾನಿಸಿದೆ. ನಿರ್ಣಯ ಮಂಡಿಸಿದವರು: ಸುಬ್ರಾಯ. ಅನುಮೋದಿಸಿದವರು: ಸುಬ್ರಾಯ. ವಂದನಾರ್ಪಣೆ: ಸುಬ್ರಾಯ.’

ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತರೆ ಸುಬ್ರಾಯ ಪೀಠದಲ್ಲಿ ಕೂತ. ಜನ ಸೇರಬಾರದೆಂದು ಸರ್ಕಾರ ಹೇಳಿದ ಮೇಲೆ ಏಳು ಜನರ ಸಮಿತಿ ಸಭೆ ಸೇರುವುದಾದರೂ ಎಲ್ಲಿ? ಆಗಲೇ ಅವನು ಇಂಟರ್‌ನೆಟ್‌ನಲ್ಲಿ ಒಂದು ಸಂಗತಿ ಓದಿದ್ದು. ಕೆಲವು ಕಡೆ ಒಬ್ಬ ಬಿಷಪ್ಪೇ ಕಾನೂನಿನ ಕಣ್ಣಿಗೆ ಇಡೀ ಸಂಸ್ಥೆ. ಆಸ್ತಿ, ಸಹಿ, ಮೊಹರು ಎಲ್ಲವೂ ಆ ಒಂದು ಕುರ್ಚಿಯದು.

ಝೂಮ್‌ನಲ್ಲಿ ಘೋಷಿಸಿಯೇಬಿಟ್ಟ. “ಇವತ್ತಿಂದ ಸಂಘ ಅಂದ್ರೆ ನಾನು, ನಾನು ಅಂದ್ರೆ ಸಂಘ. ಯಾರದ್ದಾದ್ರೂ ಆಕ್ಷೇಪಣೆ ಇದ್ಯಾ?”

ಎಲ್ಲರೂ ಮ್ಯೂಟ್‌ನಲ್ಲಿದ್ದರು. ಮೌನವನ್ನು ಸಮ್ಮತಿ ಎಂದು ಬರೆದುಕೊಂಡ. ಮೂರ್ತಿಯನ್ನು ಸಂಘದ ಹೊರತು ಬೇರಾರೂ ಮುಟ್ಟುವಂತಿಲ್ಲ ಎಂಬ ನಿಯಮವನ್ನೂ ಸೇರಿಸಿದ.

ಇಷ್ಟೆಲ್ಲ ಮಾಡಿದ್ದು ಒಂದು ಮಣೆಗಾಗಿ. ಪ್ರತಿ ವರ್ಷ ಗಣೇಶನ ಹಬ್ಬದಲ್ಲಿ ಯಜಮಾನನಾಗಿ ಮಣೆಯ ಮೇಲೆ ಕೂರುತ್ತಿದ್ದವರು ಬ್ಯೂಮಾಂಟ್ ಬಡಾವಣೆಯ ಡಾಕ್ಟರ್ ಸತ್ಯಪ್ರಕಾಶ್. ಸುಬ್ರಾಯನ ಪಾಲಿಗೆ ಪಾಯಸದ ಪಾತ್ರೆಯ ತಳ ಉಜ್ಜುವ ಸೇವೆ. ಒಂದೇ ಒಂದು ಸಲ, ಎಲ್ಲರೂ ನೋಡುತ್ತಿರುವಾಗ, ತಾನು ಸಂಕಲ್ಪ ಮಾಡಬೇಕು. ಈ ಸಲ ಮಗನೇ ಯಜಮಾನ ಎಂದು ಊರಲ್ಲಿ ಅಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಳು.

ಅಡ್ಡಿಯೊಂದೇ. ಮೈಸೂರಿನಲ್ಲಿ ಚಿಕ್ಕಪ್ಪನ ಮಗ ಅಶ್ವಿನ್‌ನ ಹೆಂಡತಿ ಹಬ್ಬದ ಹಿಂದಿನ ದಿನವೇ ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಳು. ದಾಯಾದಿಗಳ ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನ ಪುರುಡು, ಪೂಜೆಗೆ ಕೂರುವಂತಿಲ್ಲ. ಆದರೆ ಸುದ್ದಿ ಕಿವಿಗೆ ಬಿದ್ದ ಮೇಲಷ್ಟೇ ಪುರುಡು ಶುರು.

“ಪೂಜೆ ಮುಗಿಯೋವರೆಗೂ ಯಾರೂ ವಾಟ್ಸಾಪ್ ತೆಗೀಬೇಡಿ,” ಎಂದ ಸುಬ್ರಾಯ.

“ಹುಟ್ಟಿದ್ ಮಗು ನೀವು ಓದೋವರೆಗೂ ಹುಟ್ಟಿಲ್ಲ ಅಂತಾನಾ?” ಎಂದಳು ಹೆಂಡತಿ ಶಕುಂತಲಾ, ಕಡುಬಿನ ತಟ್ಟೆ ಇಡುತ್ತಾ.

“ಲೆಕ್ಕಕ್ಕಿಲ್ಲ ಕಣೇ!”

ಹಬ್ಬದ ಬೆಳಿಗ್ಗೆ ಸುಬ್ರಾಯ ತನ್ನ ಹಿತ್ತಲ ಷೆಡ್ಡಿನಲ್ಲಿ ಮಣೆಯ ಮೇಲೆ ಕೂತ; ನಲವತ್ತು ಮನೆಗಳು ಝೂಮ್‌ಗೆ ಬಂದವು. ಯಾವ ಮನೆಯಿಂದಲೂ ಸುದ್ದಿ ಸೋರಬಾರದೆಂದು ಸುಬ್ರಾಯ ಎಲ್ಲರನ್ನೂ ಮ್ಯೂಟ್ ಮಾಡಿದ. ಮೈಕ್ ಇದ್ದದ್ದು ಇಬ್ಬರಿಗೆ: ಮೈಸೂರಿನಲ್ಲಿ ಕೂತಿದ್ದ ಪುರೋಹಿತ ಜಯರಾಮ ಶಾಸ್ತ್ರಿಗಳಿಗೆ ಮತ್ತು ಸಂಘಕ್ಕೆ.

“ಆಚಮನ ಮಾಡಿ. ಗೋತ್ರ ಹೇಳಿ,” ಎಂದರು ಶಾಸ್ತ್ರಿಗಳು.

ಸುಬ್ರಾಯ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಮಗಳು ಅಪೂರ್ವಾ ಐಪ್ಯಾಡ್ ಹಿಡಿದು ಷೆಡ್ಡಿಗೆ ನುಗ್ಗಿದಳು. ಅಪ್ಪ ಬೇಡವೆಂದದ್ದು ವಾಟ್ಸಾಪ್; ಅವಳು ತೆಗೆದದ್ದು ಇನ್‌ಸ್ಟಾಗ್ರಾಮ್.

“ಅಪ್ಪಾ! ಅಶ್ವಿನ್ ಅಂಕಲ್ ಹ್ಯಾಸ್ ಎ ಬೇಬಿ ಬಾಯ್! ಆಹ್, ದ್ಯಾಟ್ಸ್ ಗ್ರ್ಯಾಂಡ್!”

ನಲವತ್ತು ಮನೆಗಳೂ ಕೇಳಿಸಿಕೊಂಡವು. ಝೂಮ್‌ನ ಬ್ಯೂಮಾಂಟ್ ಕಿಟಕಿಯಲ್ಲಿ ಡಾಕ್ಟರ್ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದರು.

“ಶುಭವಾಗಲಿ. ದಾಯಾದೀನಾ?” ಎಂದರು ಶಾಸ್ತ್ರಿಗಳು.

“ಚಿಕ್ಕಪ್ಪನ ಮಗ... ಆದ್ರೆ ಶಾಸ್ತ್ರಿಗಳೇ, ಪುರುಡು ಬಂದಿರೋದು ಸುಬ್ರಾಯನಿಗೆ. ಇಲ್ಲಿ ಕೂತಿರೋದು ಸಂಘ. ಸಂಘಕ್ಕೆ ಎಲ್ಲಿಯ ದಾಯಾದಿ?”

“ಹಾಗಾದ್ರೆ ಸಂಘದ ಗೋತ್ರ ಹೇಳಿ.”

“ಅದು... ನಂದೇ. ಕೌಶಿಕ.”

“ನಿಮ್ಮ ಗೋತ್ರ ಇಟ್ಕೊಂಡ್ರೆ ನಿಮ್ಮ ಪುರುಡನ್ನೂ ಇಟ್ಕೋಬೇಕಲ್ಲ ಸ್ವಾಮಿ.”

“ನಾನು ಸುದ್ದಿ ಕೇಳಿದ್ದು ಖಾಸಗಿಯಾಗಿ!”

“ಸಂಘಕ್ಕೆ ಬೇರೆ ಕಿವಿ ಇದ್ರೆ ತೋರಿಸಿ, ಪೂಜೆ ಮುಂದುವರಿಸೋಣ.”

ಶಕುಂತಲಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಇನ್ನೊಬ್ಬರನ್ನು ಕೂರಿಸೋಣವೆಂದರೆ ಮೂರ್ತಿ ಮುಟ್ಟಲು ಇನ್ನೊಬ್ಬರಿಗೆ ಅಧಿಕಾರವಿಲ್ಲ. ಅಧಿಕಾರ ಕೊಡಬೇಕಾದ ಸಂಘವೇ ಹತ್ತು ದಿನ ಮೈಲಿಗೆ.

ಸುಬ್ರಾಯ ಮಣೆಯಿಂದ ಎದ್ದು ಹೊರಗೆ ಹೋದ. ಸಂಘ ಸರ್ವಸದಸ್ಯರೊಂದಿಗೆ ಸಭಾತ್ಯಾಗ ಮಾಡಿತು.